ಯಂತ್ರಗರಗಸದ ಪಿಸ್ಟನ್ ಸವೆತವೂ ಅದರ ದುರಸ್ತಿಯೂ

ಯಂತ್ರವೊಂದು ಕೆಟ್ಟು ನಿಂತಾಗ ಕೆಟ್ಟ ಭಾಗವನ್ನು ಕಿತ್ತು, ಅಲ್ಲಿ ಹೊಸ ಭಾಗವನ್ನು ಕೂಡಿಸುವುದೇ ದುರಸ್ತಿಯೆಂದು ಬಹುಮಂದಿ ತಿಳಿದಿರುವರು. ಜ್ವರ ಬಂದವನ ಹಣೆಗೆ ತಣ್ಣೀರಿನ ಬಟ್ಟೆ ಹಾಕಿ, ಜ್ವರವೇಕೆ ಬಂದಿತೆಂದು ವಿಚಾರಿಸದೆ ಎದ್ದುಹೋಗುವ ವೈದ್ಯನಿಗೂ ಇಂಥ ದುರಸ್ತಿಗಾರನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಭಾಗವು ಕೆಟ್ಟದ್ದು ಕಾರ್ಯ. ಅದಕ್ಕೊಂದು ಕಾರಣವಿದ್ದೇ ಇರುವುದು. ಆ ಕಾರಣವು ಯಂತ್ರದೊಳಗೆ ಉಳಿದಿರುವವರೆಗೆ ಹೊಸ ಭಾಗವೂ ಹಳೆಯದರ ದಾರಿಯನ್ನೇ ಹಿಡಿಯುವುದು. ಈ ಮಾತನ್ನು ಒಂದು ಸಣ್ಣ ಎಂಜಿನ್ನಿನ ಉದಾಹರಣೆಯಿಂದ ವಿವರಿಸುವುದು ನಮ್ಮ ಉದ್ದೇಶ. ಆ ಎಂಜಿನ್ನೇ ಯಂತ್ರಗರಗಸದ್ದು.

ಮುಂಬಯಿಯಲ್ಲಿ ಮಳೆಗಾಲದ ಬಿರುಗಾಳಿಗೆ ಮರಗಳು ಉರುಳಿ ರಸ್ತೆಗಳು ಕಟ್ಟಿಹೋಗುವುದುಂಟು. ಆಗ ಅಗ್ನಿಶಾಮಕ ದಳದವರು ಭರ್ರೆಂದು ಸದ್ದು ಮಾಡುವ ಗರಗಸವೊಂದನ್ನು ತಂದು ಕೆಲವೇ ನಿಮಿಷಗಳಲ್ಲಿ ದಪ್ಪ ಕೊಂಬೆಗಳನ್ನು ತುಂಡರಿಸುವುದನ್ನು ನಮ್ಮ ವಿದ್ಯಾರ್ಥಿಮಿತ್ರರು ನೋಡಿರಬಹುದು. ಮಲೆನಾಡಿನ ಕಾಫಿ ತೋಟಗಳಲ್ಲಿಯೂ ಈ ಯಂತ್ರವುಂಟು. ಅಲ್ಲಿಯವರು ಇದನ್ನು ಚೈನ್‌ಸಾ ಎಂದೇ ಕರೆಯುವರು. ಉದ್ದನೆಯ ಪಟ್ಟಿಯ ಸುತ್ತ ಹಲ್ಲುಳ್ಳ ಸರಪಳಿಯೊಂದು ಅತಿವೇಗದಿಂದ ಓಡುವುದು. ಅದನ್ನು ಓಡಿಸುವುದು ಪೆಟ್ರೋಲಿನ ಸಣ್ಣ ಎಂಜಿನ್. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಎಂಬವರು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ತಯಾರಿಸಿದರು. ಮರುವರ್ಷ ಅದೇ ದೇಶದ ಎಮಿಲ್ ಲೆರ್ಪ್ ಎಂಬವರು ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಎಂಬ ಗುಡ್ಡದ ಮೇಲೆ ಪರೀಕ್ಷಿಸಿ ನೋಡಿದರು. ಆಗ ಇಬ್ಬರು ಹೊರಬೇಕಾಗಿದ್ದ ಯಂತ್ರವು ಈಗ ಒಬ್ಬನ ಕೈಗೆ ಹಗುರವಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಗರಗಸವು ಬಿಡಿಭಾಗಗಳ ಪೆಟ್ಟಿಗೆಯ ರೂಪದಲ್ಲಿಯೂ ದೊರೆಯುತ್ತಿದೆ. ಇದಕ್ಕೆ ಕಿಟ್ ಎಂದು ಹೆಸರು. ಪ್ರಸಿದ್ಧವಾದ ಹಳೆಯ ಮಾದರಿಗಳನ್ನು ಅನುಸರಿಸಿ ಚೀನಾದ ಕಾರ್ಖಾನೆಗಳು ಭಾಗಗಳನ್ನು ಮಾಡಿ ಕಳುಹಿಸುವುವು. ಅಮೇರಿಕ ಮತ್ತು ಯೂರೋಪಿನ ಹವ್ಯಾಸಿಗಳು ಅವನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳುವರು. ಬೆಲೆ ಕಡಮೆ, ಕಲಿಯುವುದು ಹೆಚ್ಚು. ಆದರೆ ಒಂದು ತೊಡಕುಂಟು. ಕಾರ್ಖಾನೆಯಲ್ಲಿ ಜೋಡಿಸಿದ ಯಂತ್ರವನ್ನು ಪರೀಕ್ಷಕರು ನಡೆಸಿ ನೋಡಿರುತ್ತಾರೆ. ಕಿಟ್ಟಿನ ಯಂತ್ರಕ್ಕೆ ಜೋಡಿಸಿದವನೇ ಕಾರ್ಖಾನೆ, ಅವನೇ ಪರೀಕ್ಷಕ. ಅವನ ಕಣ್ಣಿಗೆ ಬೀಳದೆ ಹೋದ ಕೂದಲೆಳೆಯಷ್ಟು ಸಂದು ಕೂಡ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನನ್ನು ಬಲಿ ತೆಗೆದುಕೊಳ್ಳಬಲ್ಲದು.

ಎಂಜಿನ್ನಿನ ಕೆಲಸ

ಸಿಲಿಂಡರ್ ಎಂದರೆ ಒಳಗೆ ನುಣುಪಾದ ಒಂದು ಕೊಳವೆ. ಅದರೊಳಗೆ ಮೇಲೂ ಕೆಳಗೂ ಆಡುವ ಬಟ್ಟಲಿನಾಕಾರದ ಭಾಗವೇ ಪಿಸ್ಟನ್. ದೊಡ್ಡ ಕಿಟ್ ಗರಗಸಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆಯನ್ನು ನೋಡೋಣ. ಸಿಲಿಂಡರಿನ ಒಳವ್ಯಾಸ 54 ಮಿ.ಮೀ., ಪಿಸ್ಟನ್ ಚಲಿಸುವ ದೂರ 40 ಮಿ.ಮೀ. ತ್ರಿಜ್ಯ 2.7 ಸೆಂ.ಮೀ.; ಅದರ ವರ್ಗ 7.29, ಇದನ್ನು 3.1416ರಿಂದಲೂ ಎತ್ತರವಾದ 4ರಿಂದಲೂ ಗುಣಿಸಿದರೆ ಸುಮಾರು 91.6 ಘನ ಸೆಂಟಿಮೀಟರು ಬರುವುದು. ಹೀಗೆ ನಾವು ತರಗತಿಯಲ್ಲಿ ಕಲಿತ ಸೂತ್ರವೇ ಎಂಜಿನ್ನಿನ ಗಾತ್ರವನ್ನು ಹೇಳುವುದು.

ಇನ್ನು ವೇಗದ ಲೆಕ್ಕ. ಮರ ಕೊಯ್ಯುವಾಗ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 150 ಸುತ್ತು. ಸುತ್ತೊಂದಕ್ಕೆ ಪಿಸ್ಟನ್ನು 4 ಸೆಂ.ಮೀ. ಮೇಲಕ್ಕೂ 4 ಸೆಂ.ಮೀ. ಕೆಳಕ್ಕೂ ಚಲಿಸುವುದರಿಂದ ಸೆಕೆಂಡಿಗೆ 12 ಮೀಟರು ಓಡಿದಂತಾಯಿತು. ಗಂಟೆಗೆ ಸುಮಾರು 43 ಕಿಲೋಮೀಟರು. ಈ ಓಟವೆಲ್ಲ ನಾಲ್ಕು ಸೆಂಟಿಮೀಟರಿನ ಜಾಗದೊಳಗೇ ನಡೆಯಬೇಕು. ಪ್ರತಿ ಸೆಕೆಂಡಿನಲ್ಲಿಯೂ ಪಿಸ್ಟನ್ನು ಮುನ್ನೂರು ಸಲ ನಿಂತು ಹಿಂದಿರುಗಬೇಕು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಸಂದಾದರೋ ಮಿಲಿಮೀಟರಿನ ನೂರರ ಕೆಲವೇ ಭಾಗಗಳಷ್ಟು. ಆ ಸಂದಿನಲ್ಲಿ ಎಣ್ಣೆಯ ತೆಳುಪೊರೆ ಇರುವುದರಿಂದಲೇ ಲೋಹಕ್ಕೆ ಲೋಹವು ತಾಗದೆ ಕೆಲಸವು ಸಾಗುವುದು.

ಈ ಎಣ್ಣೆ ಎಲ್ಲಿಂದ ಬರುವುದು? ಮೋಟಾರು ಕಾರಿನ ಎಂಜಿನ್ನಿಗೆ ಕೆಳಗೆ ಎಣ್ಣೆಯ ತೊಟ್ಟಿಯುಂಟು. ಗರಗಸವನ್ನು ಓರೆಯಾಗಿಯೂ ಅಡ್ಡವಾಗಿಯೂ ಹಿಡಿಯಬೇಕಾದುದರಿಂದ ಅದಕ್ಕೆ ಅಂಥ ತೊಟ್ಟಿ ಸಲ್ಲದು. ಆದುದರಿಂದ ಅದಕ್ಕೆ ಎರಡು ಹೊಡೆತದ ಎಂಜಿನ್ನನ್ನು ಇಟ್ಟಿರುವರು. ಇಂಗ್ಲೆಂಡಿನ ಜೋಸೆಫ್ ಡೇ ಎಂಬವರು 1890ರ ಸುಮಾರಿಗೆ ರೂಪಿಸಿದ ಕ್ರಮವಿದು. ಪಿಸ್ಟನ್ನು ಮೇಲೇರುವಾಗ ಅದರ ಕೆಳಗಣ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡವು ಕುಗ್ಗಿ, ಕಾರ್ಬೊರೇಟರಿನಿಂದ ಗಾಳಿಯೂ ಪೆಟ್ರೋಲೂ ಒಳಕ್ಕೆ ಸೇರುವುವು. ಅದೇ ವೇಳೆಗೆ ಮೇಲುಗಡೆಯ ಮಿಶ್ರಣವು ಒತ್ತಲ್ಪಟ್ಟು ಕಿಡಿಯಿಂದ ಹೊತ್ತಿಕೊಳ್ಳುವುದು. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯಲ್ಲಿರುವ ಹೊಗೆಯ ಕಿಂಡಿಯು ತೆರೆದು ಸುಟ್ಟ ಅನಿಲವು ಹೊರಬೀಳುವುದು. ಮರುಕ್ಷಣವೇ ಪಕ್ಕದ ಕಿಂಡಿಗಳು ತೆರೆದು ಕೆಳಗಿನ ಹೊಸ ಮಿಶ್ರಣವು ಮೇಲಕ್ಕೆ ನುಗ್ಗುವುದು. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿರುವುದರಿಂದ ಅದು ಹೋದಲ್ಲೆಲ್ಲ ಎಣ್ಣೆಯೂ ಹೋಗುವುದು. 50ಕ್ಕೆ 1ರ ಪ್ರಮಾಣವೆಂದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಎಣ್ಣೆ.

ಇಲ್ಲಿ ವಾಚಕರು ಒಂದು ಅಂಶವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಈ ಎಂಜಿನ್ನಿಗೆ ಪೆಟ್ರೋಲು ಕಡಮೆಯಾಯಿತೆಂದರೆ ಎಣ್ಣೆಯೂ ಕಡಮೆಯಾಯಿತೆಂದೇ ಅರ್ಥ. ಎಲ್ಲಿಯೋ ಒಂದು ಸಂದಿನಿಂದ ಹೊರಗಾಳಿಯು ಕ್ರ್ಯಾಂಕ್ ಕೇಸಿನೊಳಕ್ಕೆ ನುಸುಳಿದರೆ ಮಿಶ್ರಣವು ತೆಳುವಾಗುವುದು. ಹಾಗಾದಾಗ ಆವಿಯಾಗುತ್ತ ಒಳಭಾಗಗಳನ್ನು ತಂಪಿಡುವ ಪೆಟ್ರೋಲೂ ಸಾಲದು, ಗೋಡೆಗೆ ಸವರಬೇಕಾದ ಎಣ್ಣೆಯೂ ಸಾಲದು. ಶಾಖವು ಏರುವುದು, ಜಾರಿಕೆಯು ತಪ್ಪುವುದು. ಅಲ್ಯುಮಿನಿಯಮ್ ಕಾದಾಗ ಬಹಳ ಹಿಗ್ಗುವ ಲೋಹ, 54 ಮಿ.ಮೀ. ಅಗಲದ ಶುದ್ಧ ಅಲ್ಯುಮಿನಿಯಮ್ ತುಂಡು 100 ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಕಾದರೆ ಸುಮಾರು 0.12 ಮಿ.ಮೀ. ಅಗಲವಾಗುವುದು. ಪಿಸ್ಟನ್ನಿನ ಮಿಶ್ರಲೋಹದಲ್ಲಿ ಸಿಲಿಕಾನ್ ಬೆರೆಸಿ ಈ ಹಿಗ್ಗುವಿಕೆಯನ್ನು ತಗ್ಗಿಸಿರುವರಾದರೂ ಪೂರ್ತಿಯಾಗಿ ತಡೆಯಲಾಗಿಲ್ಲ. ಹೊರಗಿನ ಸಿಲಿಂಡರಿಗೆ ಬೀಸಣಿಗೆಯ ಗಾಳಿ ತಾಗುತ್ತಿರುವುದರಿಂದ ಅದು ಅಷ್ಟಾಗಿ ಹಿಗ್ಗದು. ಒಳಗಿನದು ಹಿಗ್ಗಿ ಹೊರಗಿನದು ಹಿಗ್ಗದಿದ್ದರೆ ಸಂದೇ ಮಾಯವಾಗಿ ಪಿಸ್ಟನ್ನು ಗೋಡೆಯನ್ನು ಕಚ್ಚಿಕೊಳ್ಳುವುದು. ಮೆಕ್ಯಾನಿಕ್ಕುಗಳು ಇದನ್ನೇ ಎಂಜಿನ್ ಸೀಜ್ ಆಯಿತು ಎನ್ನುವರು.

ಗಾಯದ ಗುರುತುಗಳು

ಸವೆದ ಪಿಸ್ಟನ್ನನ್ನು ಬಿಸಾಡುವ ಮೊದಲು ಅದನ್ನು ಓದಬೇಕು. ಗಾಯವು ಯಾವ ಮಗ್ಗುಲಲ್ಲಿದೆ, ಯಾವ ಬಣ್ಣದ್ದು, ಎಷ್ಟು ಆಳದ್ದು ಎಂಬ ಮೂರನ್ನು ನೋಡಿದರೆ ಕಾರಣವು ಬಹುಮಟ್ಟಿಗೆ ಗೊತ್ತಾಗುವುದು.

ಹೊಗೆಯ ಕಿಂಡಿಯ ಮಗ್ಗುಲಲ್ಲಿ ಮಾತ್ರ ಉದ್ದುದ್ದನೆಯ ಗೀರುಗಳಿದ್ದರೆ ಮಿಶ್ರಣವು ತೆಳುವಾಗಿತ್ತು ಅಥವಾ ಯಂತ್ರವು ಅತಿಯಾಗಿ ಕಾದಿತ್ತು ಎಂದು ಊಹಿಸಬಹುದು. ಉರಿಯುವ ಅನಿಲವು ಹಾದುಹೋಗುವ ಆ ಮಗ್ಗುಲೇ ಎಲ್ಲಕ್ಕಿಂತ ಹೆಚ್ಚು ಕಾಯುವುದರಿಂದ ಹಾನಿಯೂ ಅಲ್ಲಿಯೇ ಮೊದಲಾಗುವುದು. ಕಾರ್ಬೊರೇಟರಿನ ತಿರುಪನ್ನು ಬಿಗಿದು ಪೆಟ್ರೋಲನ್ನು ತಗ್ಗಿಸಿರುವುದು, ಆಯಿಲ್ ಸೀಲು ಸೋರುವುದು, ಕಾರ್ಬೊರೇಟರನ್ನು ಸಿಲಿಂಡರಿಗೆ ಕೂಡಿಸುವ ರಬ್ಬರು ಸರಿಯಾಗಿ ಕೂರದಿರುವುದು, ತಂಪಿನ ರೆಕ್ಕೆಗಳಲ್ಲಿ ಮರದ ಹೊಟ್ಟು ಕಟ್ಟಿರುವುದು ಇವೇ ಮೊದಲಾದವು ಇದರ ಮೂಲಗಳು.

ಗೀರುಗಳು ಸುತ್ತಲೂ ನಾಲ್ಕು ಮಗ್ಗುಲಲ್ಲಿಯೂ ಇದ್ದರೆ ಪೆಟ್ರೋಲಿಗೆ ಎಣ್ಣೆಯನ್ನೇ ಬೆರೆಸಿರಲಿಲ್ಲವೆಂಬ ಶಂಕೆ ಬಲವಾಗುವುದು. ಪೆಟ್ರೋಲು ಬರುವ ಮಗ್ಗುಲಲ್ಲಿ ಗೀರುಗಳಿಗೆ ಬದಲಾಗಿ ಬೂದುಬಣ್ಣದ ಮಂಕಾದ ಸವೆತವಿದ್ದರೆ ಧೂಳು ಒಳಸೇರಿದೆ. ಗಾಳಿಯ ಜಾಲರಿಯು ಹರಿದಿದ್ದರೆ ಅಥವಾ ಅಂಚಿನಲ್ಲಿ ಸಡಿಲವಾಗಿದ್ದರೆ ಹೀಗಾಗುವುದು. ಎಣ್ಣೆಯೊಡನೆ ಸೇರಿದ ಧೂಳು ಸಾಣೆಯ ಪುಡಿಯಂತೆ ಲೋಹವನ್ನು ತೇಯುವುದು. ಪಿಸ್ಟನ್ ಪಿನ್ನಿನ ತುದಿಯ ನೇರದಲ್ಲಿ ಒಂದೇ ಆಳವಾದ ಕಾಲುವೆಯಿದ್ದರೆ ಪಿನ್ನನ್ನು ಹಿಡಿದಿಡುವ ತಂತಿಯ ಲಾಕ್ ಕಳಚಿಕೊಂಡಿದೆ. ತಲೆಯ ಮೇಲೆ ಚುಕ್ಕೆಚುಕ್ಕೆಯಾಗಿ ಹೊಡೆತದ ಗುಳಿಗಳಿದ್ದರೆ ಯಾವುದೋ ಲೋಹದ ಚೂರು ಒಳಗೆ ಸಿಕ್ಕಿ ಜಜ್ಜಲ್ಪಟ್ಟಿದೆ. ಕಿಟ್ಟಿನ ಭಾಗಗಳನ್ನು ಜೋಡಿಸುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆಯದೆ ಹೋದರೆ, ಕಡೆತದ ಸಣ್ಣ ಚೂರುಗಳು ಕ್ರ್ಯಾಂಕ್ ಕೇಸಿನಲ್ಲಿಯೇ ಉಳಿದು ಈ ಕೇಡನ್ನು ಮಾಡುವುವು.

ಬಿಚ್ಚುವ ಮುನ್ನ

ಎಂಜಿನ್ನನ್ನು ಬಿಚ್ಚದೆಯೂ ಬಹಳಷ್ಟನ್ನು ತಿಳಿಯಬಹುದು. ಸೈಲೆನ್ಸರನ್ನು ತೆಗೆದು ಹೊಗೆಯ ಕಿಂಡಿಯಿಂದ ಇಣುಕಿದರೆ ಪಿಸ್ಟನ್ನಿನ ಮಗ್ಗುಲು ಕಾಣುವುದು, ಅದು ನುಣುಪಾಗಿರಬೇಕು. ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಒತ್ತಡಮಾಪಕವನ್ನು ತಿರುಪಿ, ಹಗ್ಗವನ್ನು ಹಲವು ಸಲ ಎಳೆದರೆ ಸಿಲಿಂಡರಿನ ಒತ್ತಡವು ತಿಳಿಯುವುದು. ಇಷ್ಟು ದೊಡ್ಡ ಗರಗಸದಲ್ಲಿ ಚದರ ಅಂಗುಲಕ್ಕೆ 150 ಪೌಂಡಿನಷ್ಟಿದ್ದರೆ ಆರೋಗ್ಯ ಚೆನ್ನಾಗಿದೆ. 120ಕ್ಕಿಂತ ಕೆಳಗಿಳಿದರೆ ಸವೆತವಾಗಿರಬಹುದೆಂದು ಶಂಕಿಸಬೇಕು.

ಇದಕ್ಕಿಂತಲೂ ಮುಖ್ಯವಾದುದು ಸೋರಿಕೆಯ ಪರೀಕ್ಷೆ. ಅವಸರದ ದುರಸ್ತಿಗಾರರು ಸಾಮಾನ್ಯವಾಗಿ ಬಿಡುವುದು ಇದನ್ನೇ. ಹೊಗೆಯ ಕಿಂಡಿಯನ್ನೂ ಪೆಟ್ರೋಲಿನ ಕಿಂಡಿಯನ್ನೂ ರಬ್ಬರಿನ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಕ್ರ್ಯಾಂಕ್ ಕೇಸಿನಿಂದ ಕಾರ್ಬೊರೇಟರಿಗೆ ಹೋಗುವ ಸಣ್ಣ ನಳಿಕೆಯ ಮೂಲಕ ಕೈಪಂಪಿನಿಂದ ಗಾಳಿ ತುಂಬಬೇಕು. ಚದರ ಅಂಗುಲಕ್ಕೆ 7 ಪೌಂಡಿನಷ್ಟು ಒತ್ತಡ ಸಾಕು. ಮುಳ್ಳು ಇಳಿಯತೊಡಗಿದರೆ ಎಲ್ಲಿಯೋ ಸಂದಿದೆ. ಸಾಬೂನಿನ ನೀರನ್ನು ಸೀಲುಗಳ ಮೇಲೂ ಜೋಡಣೆಗಳ ಮೇಲೂ ಸವರಿದರೆ ಗುಳ್ಳೆಗಳೇ ಆ ಜಾಗವನ್ನು ತೋರಿಸುವುವು. ಸೈಕಲ್ಲಿನ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರು ಹುಡುಕುವ ಉಪಾಯವೇ ಇದು. ಅನಂತರ ಗಾಳಿಯನ್ನು ಹೊರಕ್ಕೆಳೆದು ನಿರ್ವಾತದಲ್ಲಿಯೂ ಪರೀಕ್ಷಿಸಬೇಕು. ಒಳಗಿನ ಒತ್ತಡಕ್ಕೆ ತುಟಿ ಬಿಗಿದು ನಿಲ್ಲುವ ಸೀಲು ನಿರ್ವಾತದಲ್ಲಿ ತುಟಿ ಸಡಿಲಿಸಿ ಹೊರಗಾಳಿಯನ್ನು ಬಿಟ್ಟುಕೊಳ್ಳುವುದುಂಟು.

ಈ ಪರೀಕ್ಷೆಯನ್ನು ಬಿಚ್ಚುವ ಮೊದಲೇ ಮಾಡಬೇಕೆಂಬುದಕ್ಕೆ ಕಾರಣವಿದೆ. ಬಿಚ್ಚಿದೊಡನೆ ಸಂದು ಎಲ್ಲಿತ್ತೆಂಬ ಸಾಕ್ಷ್ಯವು ಅಳಿಸಿಹೋಗುವುದು. ಸೀಲನ್ನು ಕೂಡಿಸುವಾಗ ಅದರ ತುಟಿ ಮಡಿಚಿಕೊಂಡಿದ್ದರೆ, ಕ್ರ್ಯಾಂಕ್ ಕೇಸಿನ ಎರಡು ಹೋಳುಗಳ ನಡುವಣ ಗ್ಯಾಸ್ಕೆಟ್ ಸರಿದಿದ್ದರೆ, ಸಿಲಿಂಡರಿನ ಬುಡದ ತಿರುಪು ಸಡಿಲವಿದ್ದರೆ ಈಗಲೇ ಗೊತ್ತಾಗಬೇಕು.

ದುರಸ್ತಿಯ ಕ್ರಮ

ಸಿಲಿಂಡರನ್ನು ಬಿಚ್ಚಿದ ಮೇಲೆ ಮೊದಲ ಪ್ರಶ್ನೆ, ಅದು ಉಳಿಯುವುದೋ ಇಲ್ಲವೋ ಎಂಬುದು. ಹಳೆಯ ಎರಡು ಹೊಡೆತದ ಸ್ಕೂಟರುಗಳಲ್ಲಿ ಬೀಡುಕಬ್ಬಿಣದ ಬೋರ್ ಇರುತ್ತಿತ್ತು. ಅದು ಸವೆದರೆ ಲೇತಿನವನ ಬಳಿ ಸ್ವಲ್ಪ ಅಗಲವಾಗಿ ಕೊರೆಯಿಸಿ, ಅಷ್ಟೇ ದೊಡ್ಡ ಪಿಸ್ಟನ್ನನ್ನು ಹಾಕಿಸುತ್ತಿದ್ದರು. ಗರಗಸದ ಸಿಲಿಂಡರಿಗೆ ಈ ಉಪಾಯವು ನಡೆಯದು. ಅದು ಅಲ್ಯುಮಿನಿಯಮ್ಮಿನದು, ಒಳಗೋಡೆಗೆ ಮಾತ್ರ ಕ್ರೋಮಿಯಮ್ಮಿನ, ಇಲ್ಲವೆ ಸಿಲಿಕಾನ್ ಕಾರ್ಬೈಡಿನ ಕಣಗಳು ಬೆರೆತ ನಿಕ್ಕಲ್ಲಿನ ತೆಳುವಾದ ಗಟ್ಟಿ ಲೇಪವಿರುವುದು. ಇಂಥ ನಿಕ್ಕಲ್ ಲೇಪವನ್ನು ಜರ್ಮನಿಯ ಮಾಹ್ಲೆ ಸಂಸ್ಥೆಯು 1960ರ ದಶಕದಲ್ಲಿ ಬಳಕೆಗೆ ತಂದಿತು. ಕೊರೆದರೆ ಲೇಪವೇ ಹೋಗುವುದು.

ಆದರೆ ಗೀರು ಕಂಡೊಡನೆ ಸಿಲಿಂಡರನ್ನು ಎಸೆಯಬೇಕಾಗಿಯೂ ಇಲ್ಲ. ಲೇಪವು ಪಿಸ್ಟನ್ನಿಗಿಂತ ಬಹಳ ಗಟ್ಟಿ. ಆದುದರಿಂದ ಕಚ್ಚಿಕೊಂಡಾಗ ಹರಿಯುವುದು ಬಹುಸಲ ಪಿಸ್ಟನ್ನಿನ ಮೈಯೇ. ಅದರ ಅಲ್ಯುಮಿನಿಯಮ್ ಮೇಣದಂತೆ ಗೋಡೆಗೆ ಮೆತ್ತಿಕೊಂಡಿರುವುದು. ಕಣ್ಣಿಗೆ ಗಾಯವಾಗಿ ಕಾಣುವುದು ನಿಜವಾಗಿ ಮೇಲೆ ಅಂಟಿದ ಕೊಳೆ. ಉಗುರಿನಿಂದ ಸವರಿ ನೋಡಿದರೆ ಅದು ಉಬ್ಬೋ ತಗ್ಗೋ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುವುದು.

ಮೆತ್ತಿದ ಅಲ್ಯುಮಿನಿಯಮ್ಮನ್ನು ತೆಗೆಯಲು ರಸಾಯನಶಾಸ್ತ್ರವು ನೆರವಾಗುವುದು. ಹತ್ತಿ ಸುತ್ತಿದ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಆ ಗೆರೆಗಳ ಮೇಲೆ ಮಾತ್ರ ಸವರಿದರೆ ಅಲ್ಯುಮಿನಿಯಮ್ ಕರಗಿ ಅಲ್ಯುಮಿನಿಯಮ್ ಕ್ಲೋರೈಡಾಗುವುದು. ಜಲಜನಕವು ಗುಳ್ಳೆಗಳಾಗಿ ಏಳುವುದು. ನಿಕ್ಕಲ್ಲಿನ ಮೇಲೆ ಈ ಆಮ್ಲದ ಪ್ರಭಾವ ಬಹಳ ನಿಧಾನ. ಗುಳ್ಳೆಗಳು ನಿಂತರೆ ಕೊಳೆ ಹೋಯಿತು, ಕೆಳಗಿನ ಲೇಪವು ಕ್ಷೇಮವಾಗಿದೆ. ಗೆರೆಗಳೆಲ್ಲ ಅಳಿದ ಮೇಲೂ ಒಂದೇ ಜಾಗದಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದರೆ ಅಲ್ಲಿ ಲೇಪವು ಹರಿದು ಸಿಲಿಂಡರಿನ ಮೈಯೇ ಕರಗುತ್ತಿದೆಯೆಂದು ತಿಳಿಯಬೇಕು. ಆ ಸಿಲಿಂಡರನ್ನು ಬಿಡಬೇಕು. ಒಂದೇ ಕ್ರಿಯೆಯು ಚಿಕಿತ್ಸೆಯೂ ಪರೀಕ್ಷೆಯೂ ಆಗಿರುವುದು ಇದರ ವಿಶೇಷ. ಕ್ರೋಮಿಯಮ್ ಲೇಪವು ಈ ಆಮ್ಲದಲ್ಲಿ ಕರಗುವುದರಿಂದ ಅಂಥ ಸಿಲಿಂಡರಿಗೆ ಇದನ್ನು ಮುಟ್ಟಿಸಬಾರದು. ಅಲ್ಲಿ ನುಣ್ಣನೆಯ ಸಾಣೆಕಾಗದದಿಂದ ತಾಳ್ಮೆಯಾಗಿ ಉಜ್ಜಿಯೇ ತೆಗೆಯಬೇಕು. ಕಿಂಡಿಗಳ ಒಳಗೆ ಲೇಪವಿಲ್ಲದುದರಿಂದ ಅಲ್ಲಿಗೆ ಆಮ್ಲವು ತಾಗದಂತೆ ನೋಡಿಕೊಂಡು, ಕೊನೆಗೆ ಧಾರಾಳವಾಗಿ ನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಸವರಬೇಕು. ಆಮ್ಲದ ಹೊಗೆಯು ಕಣ್ಣಿಗೂ ಶ್ವಾಸಕ್ಕೂ ಕೇಡು. ಬಯಲಿನಲ್ಲಿ, ರಬ್ಬರಿನ ಕೈಚೀಲವನ್ನೂ ಕನ್ನಡಕವನ್ನೂ ಧರಿಸಿ, ತಿಳಿದ ಹಿರಿಯರು ಮಾಡತಕ್ಕ ಕೆಲಸವಿದು. ವಿದ್ಯಾರ್ಥಿಗಳು ತಾವಾಗಿ ಕೈಹಾಕಬಾರದು.

ಸವೆದ ಪಿಸ್ಟನ್ನನ್ನು ಮಾತ್ರ ಹೊಸದರಿಂದಲೇ ಬದಲಾಯಿಸಬೇಕು. ಅದಕ್ಕೂ ಮೊದಲು ಕ್ರ್ಯಾಂಕ್ ಕೇಸನ್ನು ತೊಳೆದು, ಉದುರಿದ ಪುಡಿಯನ್ನೆಲ್ಲ ತೆಗೆಯಬೇಕು. ಹೊಸ ರಿಂಗನ್ನು ಸಿಲಿಂಡರಿನೊಳಗೆ ನೆಟ್ಟಗೆ ಕೂಡಿಸಿ, ಅದರ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ವ್ಯಾಸದ ಅಂಗುಲವೊಂದಕ್ಕೆ ಅಂಗುಲದ ಸಾವಿರದ ನಾಲ್ಕು ಭಾಗವೆಂಬುದು ರೂಢಿಯ ಲೆಕ್ಕ, 54 ಮಿ.ಮೀ. ಬೋರಿಗೆ ಸುಮಾರು 0.2 ಮಿ.ಮೀ. ಸಂದು ತೀರ ಕಡಮೆಯಾದರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುವುದು. ಕಿಂಡಿಗಳ ಅಂಚು ಚೂಪಾಗಿದ್ದರೆ ರಿಂಗು ಅಲ್ಲಿ ಸಿಕ್ಕಿಕೊಳ್ಳುವುದರಿಂದ ನುಣ್ಣನೆಯ ಸಾಣೆಕಲ್ಲಿನಿಂದ ಅಂಚನ್ನು ಹಗುರವಾಗಿ ಮೊಂಡು ಮಾಡಬೇಕು. ಕಿಟ್ಟಿನ ಸಿಲಿಂಡರುಗಳಲ್ಲಿ ಈ ಕೆಲಸವು ಉಳಿದಿರುವುದು ಸಾಮಾನ್ಯ. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆಯ ಕಿಂಡಿಯ ಕಡೆಗಿರಬೇಕು. ಪಿನ್ನಿನ ಲಾಕುಗಳನ್ನು ಪ್ರತಿಸಲವೂ ಹೊಸದಾಗಿಯೇ ಹಾಕಿ, ಅವುಗಳ ಬಾಯಿ ನೇರವಾಗಿ ಮೇಲಕ್ಕೋ ಕೆಳಕ್ಕೋ ಇರುವಂತೆ ಕೂಡಿಸಬೇಕು. ಅಡ್ಡಕ್ಕಿದ್ದರೆ ಪಿಸ್ಟನ್ನಿನ ಕುಲುಕಾಟಕ್ಕೆ ತಂತಿಯು ಅದುಮಿಕೊಂಡು ಕಳಚುವ ಭಯವುಂಟು.

ಪಿಸ್ಟನ್ನು ತುತ್ತತುದಿಗೆ ಏರಿದಾಗ ಅದಕ್ಕೂ ಸಿಲಿಂಡರಿನ ಮೇಲ್ಛಾವಣಿಗೂ ಎಷ್ಟು ಅಂತರವಿದೆಯೆಂಬುದನ್ನು ಸಹ ನೋಡಬೇಕು. ಮೆತ್ತನೆಯ ಬೆಸುಗೆಯ ತಂತಿಯನ್ನು ಪ್ಲಗ್ಗಿನ ತೂತಿನಿಂದ ಗೋಡೆಯವರೆಗೆ ತೂರಿಸಿ, ಕೈಯಿಂದ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ತಂತಿಯು ಚಪ್ಪಟೆಯಾಗುವುದು. ಆ ಚಪ್ಪಟೆಯ ದಪ್ಪವೇ ಅಂತರ. ಅದು ಅರ್ಧ ಮಿಲಿಮೀಟರಿಗಿಂತ ಕಡಮೆಯಾಗದಿರುವುದು ಲೇಸು. ಬೇರೆ ಬೇರೆ ಕಡೆಯಲ್ಲಿ ತಯಾರಾದ ಭಾಗಗಳನ್ನು ಒಂದುಗೂಡಿಸುವಾಗ ಈ ಅಳತೆಯನ್ನು ಊಹೆಗೆ ಬಿಡಬಾರದು.

ಎಲ್ಲವನ್ನೂ ಎಣ್ಣೆ ಸವರಿ ಜೋಡಿಸಿ, ತಿರುಪುಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿದ ಮೇಲೆ ಸೋರಿಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಮುಳ್ಳು ನಿಂತಲ್ಲೇ ನಿಂತರೆ ಮಾತ್ರ ಪೆಟ್ರೋಲು ಹಾಕಬೇಕು. ಮೊದಲಿಗೆ ಕಾರ್ಬೊರೇಟರನ್ನು ಪೆಟ್ರೋಲು ಕೊಂಚ ಹೆಚ್ಚಾಗಿಯೇ ಬರುವಂತೆ ಇಟ್ಟುಕೊಳ್ಳುವುದು ಕ್ಷೇಮ. ಹಾಗಿದ್ದಾಗ, ಹೊರೆಯಿಲ್ಲದೆ ಪೂರ್ಣವೇಗದಲ್ಲಿ ಎಂಜಿನ್ನಿನ ದನಿಯು ತೊದಲಿದಂತೆ ಕೇಳುವುದು. ಮರಕ್ಕೆ ತಾಗಿಸಿದೊಡನೆ ತೊದಲು ಹೋಗಿ ಸ್ವಚ್ಛವಾಗುವುದು. ಹೊರೆಯಿಲ್ಲದಾಗಲೇ ಕೀರಲು ದನಿಯಲ್ಲಿ ಏರುತ್ತ ಹೋದರೆ ಮಿಶ್ರಣವು ತೆಳುವಾಗಿದೆಯೆಂದು ಅರಿತು ಕೂಡಲೇ ನಿಲ್ಲಿಸಬೇಕು. ಕೆಲವು ನಿಮಿಷ ನಡೆಸಿ, ತಣ್ಣಗಾಗಲು ಬಿಟ್ಟು, ಸಿಲಿಂಡರಿನ ಮತ್ತು ಸೈಲೆನ್ಸರಿನ ತಿರುಪುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು.

ದುರಸ್ತಿಯ ಫಲವೇನು?

ಇಷ್ಟೆಲ್ಲ ಶ್ರಮವೇಕೆ, ಹೊಸ ಸಿಲಿಂಡರೂ ಪಿಸ್ಟನ್ನೂ ಅಂಗಡಿಯಲ್ಲಿ ದೊರೆಯುವುದಿಲ್ಲವೆ ಎಂದು ಕೇಳಬಹುದು. ದೊರೆಯುವುವು. ಆದರೆ ಮಡಿಚಿಕೊಂಡ ಸೀಲಿನ ತುಟಿಯನ್ನು ಹಾಗೆಯೇ ಬಿಟ್ಟು ಹೊಸದನ್ನು ಹಾಕಿದವನು ಹಣವನ್ನು ಎರಡು ಸಲ ಕಳೆದುಕೊಳ್ಳುವನು. ಅದಕ್ಕಿಂತಲೂ ಕೆಟ್ಟದ್ದೆಂದರೆ, ಎರಡನೆಯ ಪಿಸ್ಟನ್ನು ಸುಟ್ಟಾಗ ಅವನು ವಸ್ತುವೇ ಕಳಪೆಯೆಂದು ದೂರುವನೇ ಹೊರತು ತಾನು ಹುಡುಕದೆ ಬಿಟ್ಟ ಸಂದನ್ನು ನೆನೆಯನು. ಮರದ ಮೇಲೆ ನಿಂತು ಕೆಲಸಮಾಡುವವನ ಕೈಯಲ್ಲಿ ಇಂಥ ಯಂತ್ರವು ಅರ್ಧ ಕೊಯ್ದ ಕೊಂಬೆಯ ನಡುವೆ ಥಟ್ಟನೆ ಕಚ್ಚಿ ನಿಂತರೆ ಅಪಾಯವು ಹಣದಷ್ಟರಲ್ಲಿಯೇ ಮುಗಿಯದು.

ನಮ್ಮ ನಗರದ ಮನೆಗಳಲ್ಲಿ ಗರಗಸವಿರಲಾರದು. ಆದರೆ ಬೀಸಣಿಗೆ, ನೀರಿನ ಪಂಪು, ಹೊಲಿಗೆಯ ಯಂತ್ರ, ಸೈಕಲ್ಲುಗಳು ಇದ್ದೇ ಇರುವುವು. ಫ್ಯೂಜ್ ಸುಟ್ಟಾಗ ದಪ್ಪ ತಂತಿಯನ್ನು ಕಟ್ಟಿ ಸುಮ್ಮನಾಗುವವನೂ, ಸೈಕಲ್ಲಿನ ಟ್ಯೂಬಿಗೆ ತೇಪೆ ಹಚ್ಚಿ ಟಯರಿನಲ್ಲಿ ಚುಚ್ಚಿಕೊಂಡ ಮುಳ್ಳನ್ನು ತೆಗೆಯದವನೂ ಒಂದೇ ದಾರಿಯವರು. ಕೆಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು, ಗುರುತುಗಳನ್ನು ನೋಡಿ, ಏಕೆ ಹೀಗಾಯಿತೆಂದು ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಈಗಿನಿಂದಲೇ ರೂಢಿಸಿಕೊಳ್ಳಲೆಂಬುದು ನಮ್ಮ ಆಶಯ. ಮುಳ್ಳನ್ನು ಮೊದಲು ತೆಗೆಯಬೇಕು. ತೇಪೆಯನ್ನು ಅನಂತರ ಹಚ್ಚಬೇಕು.